ಹುಲಿಹೈದರದ ದರ್ಬಾರ ಪರದೆ

ಗಂಗಾವತಿ
20 ಅಕ್ಟೋಬರ್ 2024

ಇಲಿಯಾಸ,

ನಾನು ಯಂಕೋಬ. ಪೇಂಟರ್ ಯಂಕೋಬ. ಹೋದ ವಾರ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು ಎತ್ತಿದೆ, ನನ್ನ ದನಿ ಕೇಳಿದೆ, ಇಟ್ಟುಬಿಟ್ಟೆ. ನಾಲ್ಕನೆಯ ಸಲ ಯಾವಳೋ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಮಾತಾಡಿದಳು. ನನ್ನ ಮೊಮ್ಮಗಳು ಸಹನಾ ಕೇಳಿಸಿಕೊಂಡು, "ತಾತಾ, ಅವರು ನಿನ್ನ ಬ್ಲಾಕ್ ಮಾಡ್ಯಾರ" ಅಂದಳು. ಆದ್ದರಿಂದ ಈ ಕಾಗದ. ಇದನ್ನು ಬ್ಲಾಕ್ ಮಾಡಲು ನಿನಗೆ ಬರುವುದಿಲ್ಲ. ಪೋಸ್ಟಿನವನು ತಂದು ಬಾಗಿಲಲ್ಲಿ ಎಸೆದೇ ಎಸೆಯುತ್ತಾನೆ.

ವಿಷಯಕ್ಕೆ ಬರುತ್ತೇನೆ. ಕೊಪ್ಪಳದಲ್ಲಿ 'ಅಂಗಳ' ಅಂತ ಒಂದು ಗ್ಯಾಲರಿ ಶುರುವಾಗಿದೆ. ಹಳೆಯ ಹತ್ತಿ ಗೋದಾಮಿಗೆ ಸುಣ್ಣ ಹೊಡೆದು, ಲೈಟು ಹಾಕಿ, ಬಾಗಿಲಿಗೆ ಗಾಜು ಹಚ್ಚಿದ್ದಾರೆ. ಡಿಸೆಂಬರ್ 8ರಿಂದ ಹದಿನೈದು ದಿನ ನಮ್ಮ ಕಡೆಯ ಒಂಬತ್ತು ಮಂದಿ ಕಲಾವಿದರ ಪ್ರದರ್ಶನ ಇಡುತ್ತಾರೆ. ನಡೆಸುವವನು ಗೌರೀಶ ಅಂತ, ಮೂವತ್ತರ ಆಸುಪಾಸಿನವನು, ಚಿತ್ರಕಲೆಯಲ್ಲೇ ದೊಡ್ಡ ಓದು ಓದಿದ್ದಾನೆ. ಅವನು ಹುಲಿಹೈದರಕ್ಕೆ ಹೋಗಿದ್ದಾಗ ನಾಟಕ ಸಂಘದ ದೊಡ್ಡಬಸಪ್ಪನವರು ಶಾಲೆಯ ಅಟ್ಟದಿಂದ ಆ ದರ್ಬಾರ ಪರದೆ ಇಳಿಸಿ ತೋರಿಸಿದ್ದಾರೆ. 1996ರಲ್ಲಿ ನಾವು ಬರೆದದ್ದು. ಹದಿನೆಂಟು ಅಡಿ ಅಗಲ, ಹನ್ನೆರಡು ಅಡಿ ಎತ್ತರ, ಇಪ್ಪತ್ತೆರಡು ಕಂಬ. ಇಲಿಗಳು ಒಂದು ಅಂಚು ಕಡಿದದ್ದು ಬಿಟ್ಟರೆ ಹಾಗೇ ಇದೆಯಂತೆ. ಅದನ್ನು ಪ್ರದರ್ಶನಕ್ಕೆ ಇಡಲು ಒಪ್ಪಿಗೆ ಕೊಡಿರಿ ಅಂತ ಗೌರೀಶ ನನ್ನ ಮನೆ ಹುಡುಕಿಕೊಂಡು ಬಂದ.

ಇಲಿಯಾಸ, ನನಗೀಗ ಅರವತ್ತಾರು. ಗಂಗಾವತಿಯಲ್ಲಿ ನಾನು ಎಷ್ಟು ಬೋರ್ಡು ಬರೆದೆ ನಿನಗೆ ಗೊತ್ತು. ಮೊನ್ನೆ ಬಸ್ ಸ್ಟ್ಯಾಂಡಿನಿಂದ ಜುಲೈನಗರದವರೆಗೆ ಬೇಕಂತಲೇ ನಡೆದು ನೋಡಿದೆ. ನನ್ನ ಕೈಯ ಒಂದು ಅಕ್ಷರ ಉಳಿದಿಲ್ಲ. ಅಕ್ಕಿ ಗಿರಣಿ, ಕಿರಾಣಿ, ಸೈಕಲ್ ಅಂಗಡಿ, ಎಲ್ಲದಕ್ಕೂ ಫ್ಲೆಕ್ಸು. ನಾನು ಸತ್ತರೆ ನಾನು ಪೇಂಟರ್ ಆಗಿದ್ದೆ ಅನ್ನುವುದಕ್ಕೆ ಆ ಪರದೆ ಒಂದೇ ಸಾಕ್ಷಿ. ಅದರ ಕೆಳಗೆ ನನ್ನ ಹೆಸರು ಒಂದು ಸಲ ಕಾಣಬೇಕು. ನಾಲ್ಕು ಮಂದಿ ನಿಂತು ಓದಬೇಕು. ನನಗೆ ಬೇರೇನೂ ಬೇಡ.

ದೊಡ್ಡಬಸಪ್ಪನವರು ಬಾಯಿ ತಡೆಯಲಾರದೆ "ಬರದವರು ಇಬ್ಬರ್ರಿ" ಅಂದುಬಿಟ್ಟಿದ್ದಾರೆ. ಅದಕ್ಕೆ ಗೌರೀಶ ನಿನ್ನ ಸಹಿಯೂ ಬೇಕು ಅನ್ನುತ್ತಾನೆ. ಫಾರ್ಮು ಇದರ ಜೊತೆಗಿದೆ. ಕಲಾವಿದರು ಅನ್ನುವಲ್ಲಿ ನನ್ನ ಹೆಸರು ಬರೆದಿದ್ದೇನೆ, ಸಹಾಯಕರು ಅನ್ನುವಲ್ಲಿ ನಿನ್ನದು. ಮನಸ್ಸಿಗೆ ಹಚ್ಚಿಕೊಳ್ಳಬೇಡ, ಫಾರ್ಮಿನಲ್ಲಿ ಜಾಗ ಇದ್ದದ್ದೇ ಹಾಗೆ. ಸಹಿ ಮಾಡಿ ಕಳಿಸಿಬಿಡು.

ಇಪ್ಪತ್ತೆಂಟು ವರ್ಷದ ಹಿಂದೆ ನೀನು ಯಾಕೆ ಮಾತು ಬಿಟ್ಟೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿಯುವ ಹಟವೂ ಈಗ ಇಲ್ಲ. ಸಹಿ ಸಾಕು.

ಯಂಕೋಬ


ಕುಷ್ಟಗಿ
2 ನವೆಂಬರ್ 2024

ಯಂಕೋಬಣ್ಣನವರಿಗೆ ಹಸೀನಾಬೇಗಂ ಮಾಡುವ ಸಲಾಮು.

ನಿಮ್ಮ ಕಾಗದ ಮುಟ್ಟಿತು. ನಮ್ಮವರು ಎರಡು ಸಲ ಓದಿ, ಮಡಚಿ, ಬ್ರಷ್ಷಿನ ಡಬ್ಬಿಯ ಕೆಳಗೆ ಇಟ್ಟರು. "ಏನ್ ಬರದಾರ್ರೀ ಯಂಕೋಬಣ್ಣ?" ಅಂತ ಕೇಳಿದೆ. "ಏನಿಲ್ಲ. ಅವಗ ಒಬ್ಬ ಸಹಾಯಕ ಬೇಕಂತ" ಅಂದರು. ಅವರು ಕೆಲಸಕ್ಕೆ ಹೊರಟಾಗ ನಾನೇ ತೆಗೆದು ಓದಿದೆ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು, ಗಂಡನ ಕಾಗದ ಓದದೆ ಇರುತ್ತೇನೆಯೇ?

ಸಹಿ ಮಾಡುವುದಿಲ್ಲ ಅಂದಿದ್ದಾರೆ. ಫಾರ್ಮು ಹಾಗೇ ಕಳಿಸುತ್ತಿದ್ದೇನೆ.

ಇನ್ನೊಂದು ಮಾತು, ನಾನು ಹೇಳಿದೆ ಅಂತ ಅವರಿಗೆ ಗೊತ್ತಾಗುವುದು ಬೇಡ. ಮೂರು ವರ್ಷದಿಂದ ಅವರ ಬಲಗೈ ನಡುಗುತ್ತದೆ. ನಮ್ಮ ಅಳಿಯ ಅಸ್ಲಮನ ಗ್ಯಾರೇಜಿನಲ್ಲಿ ಹೋಗಿ ಕೂಡುತ್ತಾರೆ, ಗಾಡಿಯ ನಂಬರ್ ಪ್ಲೇಟು ಬರೆಯುತ್ತೇನೆ ಅಂತ ಹೇಳಿ. ಬರೆಯುವವನು ಅಸ್ಲಮ. ಚಹಾ ಲೋಟ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಸಿಟ್ಟಿಗೇಳುತ್ತಾರೆ. ಗೆರೆ ಎಳೆದರೆ ಇಲಿಯಾಸ ಎಳೆಯಬೇಕು ಅನ್ನುತ್ತಿದ್ದವರು ನೀವೇ ಅಲ್ಲವೇ ಅಣ್ಣ? ಆ ಕೈ ಈಗ ಹೀಗಿದೆ.

ಯಾಕೆ ಮಾತು ಬಿಟ್ಟರು ಅಂತ ಕೇಳಿದ್ದೀರಿ. ನನಗೆ ಗೊತ್ತಿರುವುದು ಇಷ್ಟೇ. ಹುಲಿಹೈದರದಿಂದ ನಾಟಕದ ಮರುದಿನ ಬೆಳಿಗ್ಗೆ ಒಬ್ಬರೇ ಬಂದರು. ಕೈಯಲ್ಲಿ ಬ್ರಷ್ಷಿನ ಡಬ್ಬಿ ಮಾತ್ರ, ಬಟ್ಟೆಯ ಚೀಲ ಅಲ್ಲೇ ಬಿಟ್ಟಿದ್ದರು. "ಸನ್ಮಾನ ಆತೇನ್ರಿ?" ಅಂದೆ. "ಆತು. ಯಂಕೋಬಗ ಆತು" ಅಂದು ಒಳಗೆ ಹೋಗಿ ಮಲಗಿದರು. ಉಳಿದದ್ದು ನನಗಿಂತ ನಿಮಗೇ ಗೊತ್ತಿರಬೇಕು. ಅದನ್ನು ಬರೆಯಿರಿ. ಫಾರ್ಮು ಆಮೇಲೆ ನೋಡೋಣ.

ಮನೆಯಲ್ಲಿ ಅಕ್ಕನವರಿಗೆ ನನ್ನ ನೆನಪು ಹೇಳಿರಿ.

ನಿಮ್ಮ ತಂಗಿ,
ಹಸೀನಾಬೇಗಂ


ಗಂಗಾವತಿ
14 ನವೆಂಬರ್ 2024

ಇಲಿಯಾಸ,

ಹಸೀನಾ ತಂಗಿಯ ಕಾಗದ ಬಂತು. ನೀನು ಬರೆಯುವುದಿಲ್ಲ, ನಿನ್ನ ಬದಲಿಗೆ ಅವಳು ಬರೆಯಬೇಕು. ಆಯಿತು. ಕೈಕಾಲು ಗಟ್ಟಿ ಇವೆಯಾ? ಸುಮ್ಮನೆ ಕೇಳಿದೆ.

ಆ ಸಂಜೆಯ ಮಾತು ಬರೆಯಿರಿ ಅಂದಿದ್ದಾಳೆ. ಬರೆಯುತ್ತೇನೆ, ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ? ನಾಟಕ ಶುರುವಾಗುವ ಮೊದಲು ವೇದಿಕೆಗೆ ಕರೆದರು. ಶಾಲು ತಂದದ್ದು ಒಂದು. ಎರಡು ತರಬೇಕು ಅಂತ ದೊಡ್ಡಬಸಪ್ಪನವರಿಗೆ ಹೊಳೆಯಲಿಲ್ಲ, ಅದು ಅವರ ತಪ್ಪು. ನನಗೆ ಹೊದಿಸಿದರು. ಮೈಕು ಕೈಗೆ ಕೊಟ್ಟರು. ನಾನು ಹುಟ್ಟಿದಾಗಿನಿಂದ ಮೈಕು ಹಿಡಿದವನಲ್ಲ. ಗಾಬರಿಯಲ್ಲಿ ಬಟ್ಟೆ ಕೊಟ್ಟ ಸಾಹುಕಾರರ ಹೆಸರು ಹೇಳಿದೆ, ಜಾಗ ಕೊಟ್ಟ ಹೆಡ್ ಮಾಸ್ತರರ ಹೆಸರು ಹೇಳಿದೆ, ದಿನಾ ಮಜ್ಜಿಗೆ ಕೊಟ್ಟ ಮುದುಕವ್ವನ ಹೆಸರು ಸಹಿತ ಹೇಳಿದೆ. ನಿನ್ನದು ಬಾಯಿಗೆ ಬರಲಿಲ್ಲ. ನೀನು ಪರದೆಯ ಹಿಂದೆ ಹಗ್ಗ ಹಿಡಿದು ನಿಂತಿದ್ದೆ. ಎದುರಿಗೆ ಇದ್ದಿದ್ದರೆ ನೆನಪಾಗುತ್ತಿತ್ತು. ಅಷ್ಟಕ್ಕೆ ಬಟ್ಟೆಯ ಚೀಲ ಸಹ ಬಿಟ್ಟು ಹೋಗುವುದೇ? ಆ ಚೀಲ ನಾನು ಎರಡು ವರ್ಷ ಇಟ್ಟುಕೊಂಡಿದ್ದೆ.

ಇರಲಿ. ಮೊನ್ನೆ ಕೊಪ್ಪಳಕ್ಕೆ ಹೋಗಿದ್ದೆ, ಎಲ್ಲ ಕಲಾವಿದರನ್ನೂ ಕರೆದಿದ್ದರು. ಅಲ್ಲಿಯದು ಕೇಳು. ಚಿತ್ರ ಮೂರು ಅಡಿ ನಾಲ್ಕು ಅಡಿಗಿಂತ ದೊಡ್ಡದಿರಬಾರದು ಅಂತ ನಿಯಮವಂತೆ. ನಮ್ಮ ಪರದೆಗೆ ಮಾತ್ರ ವಿನಾಯಿತಿ ಕೊಟ್ಟಿದ್ದಾರೆ. ಯಲಬುರ್ಗಾದ ಪ್ರಭುರಾಜ ಮಾಸ್ತರರಿಗೆ ಅದು ಸೇರಲಿಲ್ಲ. "ನಮ್ಮ ಚಿತ್ರಕ್ಕ ಗೇಣು ಹಾಕಿ ಅಳೀತೀರಿ, ಇವರ ಟೆಂಟಿಗೆ ಇಡೀ ಗ್ವಾಡಿ ಕೊಡ್ತೀರಿ" ಅಂತ ಗೌರೀಶನ ಮೇಲೆ ಹರಿಹಾಯ್ದರು. ಟೆಂಟು ಅಂದರು, ಇಲಿಯಾಸ! ಅವರು ತಂದಿದ್ದೇನು ಗೊತ್ತೇ? ಆನೆಗೊಂದಿಯ ಒಂದೇ ಗುಡ್ಡ, ಹನ್ನೊಂದು ಸಲ. ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು. ಗುಡ್ಡಕ್ಕೂ ಬೇಸರ ಬಂದಿರಬೇಕು.

ಪರದೆಯನ್ನು ನಡುವೆ ತೂಗುಹಾಕಿರಿ, ಕಂಬಗಳ ಆಳ ದೂರದಿಂದ ಕಾಣಬೇಕು ಅಂದೆ. ನಡುವೆ ಕಿನ್ನಾಳದ ಗೊಂಬೆಗಳ ಮೇಜು ಬರುತ್ತದಂತೆ. ಗೋಡೆಗೇ ಹಾಕುತ್ತೇವೆ ಅಂದ ಗೌರೀಶ. ಹೂಂ ಅಂದೆ. ಈ ವಯಸ್ಸಿನಲ್ಲಿ ಎಷ್ಟಕ್ಕೆಂದು ಜಗಳ ತೆಗೆಯಲಿ.

ನಿನ್ನ ಸಹಿ ಕೇಳಿದ. ಬಾಯಿಮಾತಿನಲ್ಲಿ ಒಪ್ಪಿದ್ದಾನೆ ಅಂದೆ. ಸಹಾಯಕರ ಜಾಗದಲ್ಲಿ ನಿನ್ನ ಹೆಸರಿದ್ದದ್ದು ನಿನಗೆ ಬೇಡ ತಾನೆ? ಹೊಡೆದು ಹಾಕಿದೆ. ಈಗ ಫಾರ್ಮಿನಲ್ಲಿ ನನ್ನದೊಂದೇ ಹೆಸರು. ನೀನು ಸಹಿ ಮಾಡದಿದ್ದರೆ ನಾನೇನು ಮಾಡಲಿ, ಹೇಳು.

8ನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಉದ್ಘಾಟನೆ. ಕುಷ್ಟಗಿಯಿಂದ ಬಸ್ಸಿಗೇನು ಕೊರತೆ ಇಲ್ಲ. ಬರುವುದಾದರೆ ಬಾ.

ಯಂಕೋಬ


ಗಂಗಾವತಿ
9 ಡಿಸೆಂಬರ್ 2024

ಇಲಿಯಾಸ,

ನಿನಗೆ ಸಮಾಧಾನವಾಯಿತೇ? ಇದನ್ನು ಮಾಡಿಸಿದವನು ನೀನೇ ಇರಬೇಕು ಅಂತ ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಆಮೇಲೆ ಯೋಚಿಸಿದರೆ ನೀನು ಕೊಪ್ಪಳಕ್ಕೆ ಕಾಲಿಟ್ಟೇ ಇಲ್ಲ. ಹಾಗಿದ್ದರೂ ಬೈಯುವುದಕ್ಕೆ ಬೇರೆ ಯಾರೂ ಸಿಗುತ್ತಿಲ್ಲ, ಕೇಳು.

ಪರದೆಯನ್ನು ಉಲ್ಟಾ ಹಾಕಿದ್ದಾರೆ. ತಲೆಕೆಳಗಲ್ಲ, ಹಿಂದುಮುಂದು. ಬಣ್ಣವೆಲ್ಲ ಗೋಡೆಯ ಕಡೆ. ಸಿಂಹಾಸನ, ಕೆಂಪು ಜಮಖಾನೆ, ಹನ್ನೆರಡು ದಿನ ತೀಡಿದ ನನ್ನ ಝಾಲರಿ, ನನ್ನ ನವಿಲು, ಎಲ್ಲಾ ಗೋಡೆಗೆ ಮುಖ ಕೊಟ್ಟು ನಿಂತಿವೆ. ಜನರ ಕಡೆ ಇರುವುದು ಬರೀ ಹಿಂಬದಿ. ನಿನ್ನ ಇದ್ದಿಲಿನ ಗೆರೆ, ಕಾವಿ ಮಣ್ಣಿನಲ್ಲಿ ನೀನು ಬರೆದ ಸೂಚನೆ, ಅಲ್ಲಲ್ಲಿ ಸೋರಿದ ಬಣ್ಣದ ಕಲೆ, ದೊಡ್ಡಬಸಪ್ಪನವರು ಹಚ್ಚಿಸಿದ ತೇಪೆ.

ನಾನು ಹೊಸ ಧೋತರ ಉಟ್ಟು, ಹೆಂಡತಿ, ಮಗ, ಸೊಸೆ, ಸಹನಾ ಎಲ್ಲರನ್ನೂ ಕರೆದುಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟವನು ಹಾಗೇ ನಿಂತೆ. ಸಹನಾ ಕೈ ಜಗ್ಗಿ, "ತಾತಾ, ನೀ ಬರದಿದ್ದು ಯಾವುದು?" ಅಂದಳು. "ಅದರ ಹಿಂದೈತವ್ವಾ" ಅಂದೆ. ಅವಳು ಹೋಗಿ ಗೋಡೆಗೂ ಬಟ್ಟೆಗೂ ನಡುವೆ ಒಂದು ಕಣ್ಣಿಟ್ಟು ಇಣುಕಿದಳು. "ಏನೂ ಕಾಣವಲ್ದು, ಕತ್ತಲೈತಿ" ಅಂತ ಎಲ್ಲರಿಗೂ ಕೇಳುವಂತೆ ಕೂಗಿದಳು.

ಗೌರೀಶನನ್ನು ಮೂಲೆಗೆ ಕರೆದೆ. "ಏನಪಾ, ನಿಮ್ಮ ಮಂದಿಗೆ ಕಣ್ಣಿಲ್ಲೇನು? ಪರದಿ ತಿರುವಿ ಹಾಕ್ಯಾರ."

"ತಪ್ಪಿ ಹಾಕಿದ್ದಲ್ರಿ ಕಾಕಾ" ಅಂದ ಅವನು ನಗುತ್ತ. "ನಾನs ಹಂಗ ಹಾಕ್ಸೀನಿ. ಮುಂದಿನದು ಎಲ್ಲಾ ನಾಟಕದಾಗೂ ಇರತೈತಿ. ಈ ಗೆರಿ ಎಲ್ಲೆ ಸಿಗತಾವ್ರಿ? ಒಂದು ಸಹ ಅಳಿಸಿ ತಿದ್ದಿದ್ದಿಲ್ಲ. ಇದs ಚಿತ್ರ."

"ಇದು ಚಿತ್ರ ಅಲ್ಲಪಾ, ಚಿತ್ರದ ಬೆನ್ನು! ಅಂಗಿ ತಿರುವಿ ಹಾಕ್ಕೊಂಡು ಸಭಾಕ್ಕ ಬರ್ತಾರೇನು?"

ಕೇಳಲಿಲ್ಲ. ಹೊಲಿಗೆ ಹಾಕಿ ಪಟ್ಟಿಗೆ ಮೊಳೆ ಹೊಡೆದಾಗಿದೆ, ಹದಿನೈದು ದಿನ ತೆಗೆಯಲು ಬರುವುದಿಲ್ಲ ಅಂದ. ಅಷ್ಟರಲ್ಲಿ ಪ್ರಭುರಾಜ ಮಾಸ್ತರರು ಬೇರೆ ಬಂದು, ನಿನ್ನ ಗೆರೆಯ ಮುಂದೆ ಕನ್ನಡಕ ಹಣೆಗೇರಿಸಿ ನಿಂತು, "ಈಗ ನೋಡ್ರಿ ಗ್ವಾಡಿ ಸಾರ್ಥಕ ಆತು" ಅಂದರು. ಟೆಂಟು ಅಂದವರು!

ಅದೂ ಹೋಗಲಿ ಅನ್ನು. ಕೆಳಗಿನ ಚೀಟಿ ಕೇಳು. ಅದರಲ್ಲಿದ್ದಂತೆಯೇ ಬರೆಯುತ್ತೇನೆ: 'ದರ್ಬಾರು, 1996. ಇಲಿಯಾಸ, ಕುಷ್ಟಗಿ. ಸಹಾಯ: ಯಂಕೋಬ, ಗಂಗಾವತಿ.'

ನನ್ನ ಕೈಯಿಂದ ತುಂಬಿದ ಫಾರ್ಮು ಅವನ ಮೇಜಿನಲ್ಲಿದೆ. ಅದನ್ನು ತೋರಿಸಿ ಜೋರು ಮಾಡಿದೆ. ಗೌರೀಶ ಮೆತ್ತಗೆ ಅಂದ: "ಕಾಕಾ, ಬಟ್ಟಿ ಮ್ಯಾಲ ಅವರು ಬರದದ್ದು ಓದಿ ನೋಡ್ರಿ. ಯಂಕೋಬಾ ಇಲ್ಲಿ ನೀಲಿ ತುಂಬು, ಯಂಕೋಬಾ ಈ ಕಂಬ ದಪ್ಪ ಮಾಡಬ್ಯಾಡ, ಯಂಕೋಬಾ ನೆರಳು ಎಡಕ್ಕ ಕೊಡು. ಹಿಂಗ ನಲವತ್ತು ಕಡೆ ಐತಿ. ಹೇಳಿದವರು ಯಾರು, ಮಾಡಿದವರು ಯಾರು, ನೀವs ಹೇಳ್ರಿ."

ಎಲ್ಲರ ಎದುರಿಗೆ ಕೇಳಿದ, ಇಲಿಯಾಸ. ನನ್ನ ಹೆಂಡತಿ ಅಲ್ಲೇ ಇದ್ದಳು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಒಳಗೆ ಚಪ್ಪಾಳೆ ಆಗುತ್ತಿತ್ತು.

ನನ್ನ ಕಡೆಯಿಂದ ಒಂದೇ ಬೇಡಿಕೆ. ಗೌರೀಶ ನಿನ್ನ ಮಾತು ಮೀರುವುದಿಲ್ಲ, ನಿನ್ನ ಮೇಲೆ ಅವನಿಗೆ ಭಕ್ತಿ ಹುಟ್ಟಿಬಿಟ್ಟಿದೆ. ಪರದೆ ತಿರುಗಿಸಿರಿ ಅಂತ ಎರಡು ಸಾಲು ಬರೆದು ಹಾಕು. ಗ್ಯಾಲರಿಯ ವಿಳಾಸ ಹಿಂದೆ ಬರೆದಿದ್ದೇನೆ. ಚೀಟಿ ಬೇಕಾದರೆ ಹಾಗೇ ಇರಲಿ. ನನ್ನ ಬಣ್ಣ ನನ್ನ ಮೊಮ್ಮಗಳು ಒಂದು ಸಲ ನೋಡಬೇಕು. ಇಷ್ಟು ನನಗೋಸ್ಕರ ಮಾಡು.

ಯಂಕೋಬ


ಕುಷ್ಟಗಿ
14 ಡಿಸೆಂಬರ್ 2024

ಯಂಕೋಬ,

ಅಕ್ಷರ ಸರಿ ಬರುವುದಿಲ್ಲ. ನಗಬೇಡ. ಹಸೀನಾ ತಾನೇ ಬರೆಯುತ್ತೇನೆ ಅಂದಳು, ಬೇಡ ಅಂದೆ.

ಗೌರೀಶನಿಗೆ ನಾನು ಬರೆಯುವುದಿಲ್ಲ. ಹಿಂಬದಿ ಹಾಕಿರಿ ಅಂತ ನಾನು ಹೇಳಿರಲಿಲ್ಲ, ತೆಗೆಯಿರಿ ಅಂತಲೂ ಹೇಳುವುದಿಲ್ಲ.

ಹುಲಿಹೈದರದ ಶಾಲೆಯ ಬಯಲಿನಲ್ಲಿ ಬಟ್ಟೆ ಕಟ್ಟಿ ನಿಲ್ಲಿಸಿದ್ದೆವು. ನಾನು ಪೂರ್ವದ ಕಡೆ, ಬೆನ್ನಿಗೆ ಬೆಳಗಿನ ಬಿಸಿಲು. ನೀನು ಪಶ್ಚಿಮದ ಕಡೆ ನೆರಳಿನಲ್ಲಿ. ಬಿಸಿಲು ಬಟ್ಟೆಯ ಮೇಲೆ ಬಿದ್ದು ನನ್ನ ಗೆರೆ ನಿನ್ನ ಕಡೆ ಮೂಡುತ್ತಿತ್ತು, ನೀನು ಅದರ ಮೇಲೆ ಬಣ್ಣ ಏರಿಸುತ್ತಿದ್ದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ದಿನಗಟ್ಟಲೆ ಹರಟೆ ಹೊಡೆಯುತ್ತಿದ್ದೆವು. ಅಷ್ಟು ಛಲೋ ದಿನ ನನಗೆ ಮತ್ತೆ ಬರಲಿಲ್ಲ. ಆಮೇಲೆ ನಾಟಕದ ಆ ಸಂಜೆ ನಾನು ಅದೇ ಬಟ್ಟೆಯ ಹಿಂದೆ ನಿಂತು, ನೀನು ಮುದುಕವ್ವನ ಮಜ್ಜಿಗೆಯ ತನಕ ಹೇಳಿದ್ದನ್ನು ಕೇಳಿಸಿಕೊಂಡೆ. ಇನ್ನೇನು ನನ್ನ ಹೆಸರು ಬರುತ್ತದೆ ಅಂತ ಅಂಗಿಯ ಗುಂಡಿ ಹಾಕಿಕೊಂಡಿದ್ದೆ.

ಗೋಡೆಗೆ ಮುಖ ಕೊಟ್ಟು ನಿಲ್ಲುವುದು ಹೇಗಿರುತ್ತದೆ ಅಂತ ನಿನ್ನ ಬಣ್ಣಕ್ಕೆ ಹದಿನೈದು ದಿನ ತಿಳಿಯಲಿ.

ಒಂದು ಕೇಳುತ್ತೇನೆ. ಕೆಳಗಿನ ಮೂಲೆಯಲ್ಲಿ, ಕಟ್ಟಕಡೆಯ ಬಾಗಿಲ ಪಕ್ಕ ನಾನು ಬರೆದದ್ದನ್ನು ಓದಿದೆಯಾ? ಓದಿಲ್ಲವಾದರೆ ಹೋಗಿ ಓದು. ಆವತ್ತೇ ಓದಿದ್ದರೆ, ಅದನ್ನಾದರೂ ಒಪ್ಪಿಕೋ.

ಇಲಿಯಾಸ


ಗಂಗಾವತಿ
23 ಡಿಸೆಂಬರ್ 2024

ಇಲಿಯಾಸ,

ನಿನ್ನೆ ಪ್ರದರ್ಶನ ಮುಗಿಯಿತು. ಹೋಗಬಾರದು ಅಂತ ಮಾಡಿದ್ದೆ. ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಹೋದೆ. ಮಧ್ಯಾಹ್ನ ಯಾರೂ ಇರಲಿಲ್ಲ. ಗೌರೀಶ ಒಂದು ಕುರ್ಚಿ ಹಾಕಿಕೊಟ್ಟು ಊಟಕ್ಕೆ ಹೋದ.

ಮೇಲಿನಿಂದ ಓದುತ್ತ ಬಂದೆ. 'ಯಂಕೋಬಾ, ಈ ಕಂಬ ಮಂದಿಗೆ ದೂರ ಕಾಣಬೇಕು, ತೆಳ್ಳಗ ಹಚ್ಚು.' 'ಯಂಕೋಬಾ, ಇವತ್ತ ರೊಟ್ಟಿ ಜೋಡಿ ಪುಂಡಿಪಲ್ಯ ಐತಿ, ಲಗೂ ಮುಗಿಸು.' ಇದನ್ನೂ ಬರೆದಿದ್ದೆ ನೀನು. ನನಗೆ ಮರೆತೇ ಹೋಗಿತ್ತು. ಒಬ್ಬನೇ ಕುಳಿತು ನಕ್ಕೆ. ಗೆರೆಗಳನ್ನೂ ನೋಡಿದೆ. ಇಪ್ಪತ್ತೆರಡು ಕಂಬ, ಒಂದನ್ನೂ ಎರಡನೆಯ ಸಲ ಎಳೆದಿಲ್ಲ. ಆ ಕೈಯನ್ನು ನೆನೆದು ಒಂದೊಂದು ಗೆರೆಯ ಮೇಲೂ ಬೆರಳಾಡಿಸಿದೆ. ಯಾಕೆ ಅಂತ ಕೇಳಬೇಡ.

ಮೂಲೆಯದನ್ನು ಕೊನೆಗೆ ನೋಡಿದೆ. ಒಂದು ಚೌಕ ಹಾಕಿ, ಅದರಲ್ಲಿ ನೀನು ಬರೆದದ್ದು: 'ಯಂಕೋಬಾ, ಇಲ್ಲಿ ಏನೂ ತುಂಬಬ್ಯಾಡ. ನಮ್ಮಿಬ್ಬರ ಹೆಸರಿಗೆ ಜಾಗ ಬಿಟ್ಟೀನಿ. ಅಕ್ಷರ ನಿನ್ನವು ಛಲೋ, ನೀನs ಬರಿ.'

ಓದಿದ್ದೆ, ಇಲಿಯಾಸ. ಆವತ್ತೇ ಓದಿದ್ದೆ. ಬಿಸಿಲಿಗೆ ಅಕ್ಷರ ನನ್ನ ಕಡೆ ತಿರುಗಮುರುಗ ಮೂಡಿತ್ತು. ಅಂಗಡಿಯ ಗಾಜಿಗೆ ಒಳಗಿನಿಂದ ಬೋರ್ಡು ಬರೆಯುವವನು ನಾನು, ತಿರುಗಿದ ಅಕ್ಷರ ಓದಲು ನನಗೆಷ್ಟು ಹೊತ್ತು? ಓದಿ ಬ್ರಷ್ಷು ಕೆಳಗಿಟ್ಟೆ. ಚಹಾ ಕುಡಿದೆ. ಆಮೇಲೆ ಬಂದು ಅದರ ಮೇಲೆ ನವಿಲು ಬರೆದೆ. ದರ್ಬಾರಿನಲ್ಲಿ ಬಾಗಿಲ ಪಕ್ಕ ನವಿಲು ಯಾಕೆ ಅಂತ ನೀನು ಕೇಳಿದಾಗ, ಊರವರು ಹೇಳಿದರು ಅಂದೆ. ಊರವರು ಯಾರೂ ಹೇಳಿರಲಿಲ್ಲ. ಗೆರೆ ಎಲ್ಲಾ ನಿನ್ನವು ಅಂತ ನನಗೆ ಗೊತ್ತಿತ್ತು. ಎರಡು ಹೆಸರು ಬಂದರೆ ಮಂದಿ ಮೊದಲು ನಿನ್ನದನ್ನು ಓದುತ್ತಾರೆ ಅನ್ನಿಸಿತು. ಅದಕ್ಕೇ ಮೈಕಿನಲ್ಲೂ ಹೇಳಲಿಲ್ಲ. ಮರೆತದ್ದಲ್ಲ, ಗಾಬರಿಯೂ ಅಲ್ಲ. ಇಪ್ಪತ್ತೆಂಟು ವರ್ಷ ಮರೆತೆ ಮರೆತೆ ಅಂತ ನನಗೇ ಹೇಳಿಕೊಂಡು ಬಂದೆ, ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ತಿರುಗಿದೆ.

ಇದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ.

ಫೆಬ್ರುವರಿ 23, ಭಾನುವಾರ, ಹುಲಿಹೈದರದಲ್ಲಿ ಸಂಘದ ನಾಟಕ. ಅದೇ ಪರದೆ ಕಟ್ಟುತ್ತಾರೆ. ಅಷ್ಟರೊಳಗೆ ನವಿಲು ತೆಗೆದು ಹೆಸರು ಬರೆಯುತ್ತೇನೆ. ನೀನು ಬರಬೇಕು.

ಯಂಕೋಬ


ಗಂಗಾವತಿ
24 ಫೆಬ್ರುವರಿ 2025

ಇಲಿಯಾಸ,

ಬರಲಿಲ್ಲ ನೀನು. ಜನವರಿಯಲ್ಲಿ ಎರಡು ಕಾರ್ಡು ಹಾಕಿದೆ, ಬಸ್ಸಿನ ವೇಳೆ ಸಹ ಬರೆದಿದ್ದೆ. ಹೂಂ ಇಲ್ಲ, ಊಹೂಂ ಇಲ್ಲ. ನಿನ್ನೆ ಸಂಜೆ ನಾಲ್ಕರಿಂದ ಏಳರವರೆಗೆ ಕುಷ್ಟಗಿ ಕಡೆಯಿಂದ ಬಂದ ಪ್ರತಿ ಬಸ್ಸಿಗೂ ಎದ್ದು ನಿಂತೆ. ಕಂಡಕ್ಟರನೊಬ್ಬ, "ಎಲ್ಲಿಗೆ ಹೋಗ್ಬೇಕ್ರಿ ಅಜ್ಜಾರ?" ಅಂತ ಕೇಳಿದ. ಎಲ್ಲಿಗೂ ಇಲ್ಲ ಅಂದೆ.

ನವಿಲು ಇನ್ನೂ ಅಲ್ಲೇ ಇದೆ. ಬಣ್ಣ ಕಲಸಿಕೊಂಡೇ ಹೋಗಿದ್ದೆ. ದೊಡ್ಡಬಸಪ್ಪನವರು ಏಣಿಗೆ ಕೈ ಅಡ್ಡ ಹಿಡಿದರು. "ಏನ್ ಮಾಡಾಕತ್ತೀರಿ? ಪರದಿ ನಿಮ್ದಲ್ಲ, ಊರಿಂದು. ನವಿಲು ತೆಗದ್ರ ನಮ್ಮ ಹೆಣ್ಣುಮಕ್ಕಳು ನನ್ನ ಮನಿ ಹೊಗಗೊಡೂದಿಲ್ಲ. ಸಣ್ಣ ಹುಡುಗರು ಅದನ್ನ ನೋಡಾಕಂತs ಮುಂದ ಕುಂದರತಾವ" ಅಂದರು. ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಕೇಳಿಕೊಂಡೆ. ಒಪ್ಪಲಿಲ್ಲ. ಆವತ್ತು ಹೊಟ್ಟೆಕಿಚ್ಚಿಗೆ ಬರೆದದ್ದು ಇವತ್ತು ಊರಿಗೆಲ್ಲ ಬೇಕಾಗಿದೆ, ತೆಗೆಯುತ್ತೇನೆ ಅಂದರೂ ಬಿಡುವುದಿಲ್ಲ. ನಾನು ಇದನ್ನು ಯಾರ ಮುಂದೆ ಹೇಳಿ ಅಳಲಿ?

ಕೊನೆಗೆ ಒಂದು ಮಾತಿಗೆ ಒಪ್ಪಿಸಿದೆ. ನಾಟಕಕ್ಕೆ ಮೊದಲು ಮೈಕಿನಲ್ಲಿ ಪರದೆ ಬರೆದವರ ಹೆಸರು ಹೇಳಬೇಕು, ನಿನ್ನದೊಂದೇ ಹೇಳಬೇಕು. "ನಿಮ್ಮದು?" ಅಂದರು. ಬೇಡ ಅಂದೆ. ಹಗ್ಗ ಎಳೆಯುವವನನ್ನು ಪಕ್ಕಕ್ಕೆ ಸರಿಸಿ ನಾನೇ ಹಿಂದೆ ನಿಂತೆ.

ಹೇಳಿದರು. "ಈ ದರ್ಬಾರ ಪರದಿ ಬರದವರು ಕುಷ್ಟಗಿ ಇಲಿಯಾಸ ಪೇಂಟರು." ಚಪ್ಪಾಳೆ ಆಯಿತು. ಆಮೇಲೆ ಶಾಮಿಯಾನದವರ ಹೆಸರು ಹೇಳಿದರು, ಊಟ ಹಾಕಿದವರ ಹೆಸರು ಹೇಳಿದರು. ನನಗೆ ಸಿಟ್ಟು ಬಂತು, ಇಲಿಯಾಸ. ಹೇಳಬೇಡಿರಿ ಅಂದವನು ನಾನೇ. ಹಾಗಿದ್ದೂ ಇನ್ನೇನು ನನ್ನ ಹೆಸರು ಬರುತ್ತದೆ, ಬರಬೇಕು, ಅಂತ ಕಿವಿಗೊಟ್ಟು ನಿಂತಿದ್ದೆ. ಬರಲಿಲ್ಲ. ಹಗ್ಗ ಜಗ್ಗಿದೆ, ಪರದೆ ಮೇಲೆ ಹೋಯಿತು. ನನ್ನ ಪಕ್ಕದಲ್ಲಿ ನಿಂತ ಭೀಮನ ವೇಷದವನು, "ಯಾಕ್ರೀ ಅಜ್ಜಾ, ಧೂಳ ಹೊಕ್ಕತೇನು ಕಣ್ಣಾಗ?" ಅಂದ.

ನಿನಗೆ ಆವತ್ತು ಮೂವತ್ತಾರು ವರ್ಷ. ಗುಂಡಿ ಹಾಕಿಕೊಂಡಿದ್ದೆ ಅಂತ ಬರೆದಿದ್ದೀಯಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ.

ನೀನು ಕೇಳಿಸಿಕೊಳ್ಳಲಿ ಅಂತ ಇಷ್ಟೆಲ್ಲ ಮಾಡಿದೆ, ಕೇಳಲು ನೀನೇ ಇರಲಿಲ್ಲ. ನನ್ನ ಹಣೆಬರಹ. ಇನ್ನು ಕಾಗದ ಹಾಕಿ ನಿನಗೆ ತೊಂದರೆ ಕೊಡುವುದಿಲ್ಲ.

ಹಸೀನಾ ತಂಗಿಗೆ ಕೇಳಿದೆ ಅಂತ ಹೇಳು.

ಯಂಕೋಬ


ಕುಷ್ಟಗಿ
28 ಫೆಬ್ರುವರಿ 2025

ಯಂಕೋಬ,

ಬಂದಿದ್ದೆ. ಅಸ್ಲಮನ ಗಾಡಿಯಲ್ಲಿ ಬಂದೆವು. ಬಸ್ಸಿನ ಕಡೆ ನೋಡುತ್ತ ಕುಳಿತರೆ ನಿನಗೆ ಹೇಗೆ ಕಾಣಬೇಕು? ಹಸೀನಾ ಹೆಂಗಸರ ಕಡೆ ಕುಳಿತಳು, ನಾನು ಹಿಂದೆ ಕಟ್ಟೆಯ ಮೇಲೆ. ಮಾತಾಡಿಸಬೇಕು ಅಂತ ಬಂದಿರಲಿಲ್ಲ. ನನ್ನ ಸಿಟ್ಟು ಇನ್ನೂ ಹೋಗಿಲ್ಲ, ಹೋಗಿದೆ ಅಂತ ತಿಳಿಯಬೇಡ.

ದೀಪ ಹಾಕಿ, ಎದುರಿಗೆ ಕುಳಿತು ಆ ಪರದೆ ನೋಡಿದ್ದು ನಾನು ಅದೇ ಮೊದಲು. ಕೆಂಪು ಭಾಳ ಛಲೋ ಹಚ್ಚಿದ್ದೀ. ಕಂಬಗಳು ದೂರ ಹೋಗಿದ್ದು ನನ್ನ ಗೆರೆಯಿಂದ ಅಂತ ಇಷ್ಟು ದಿನ ತಿಳಿದಿದ್ದೆ. ನಿನ್ನ ತೆಳು ನೀಲಿ ಇಲ್ಲದಿದ್ದರೆ ಅವು ಹೋಗುತ್ತಿರಲಿಲ್ಲ.

ದೊಡ್ಡಬಸಪ್ಪ ನನ್ನ ಹೆಸರು ಹೇಳಿದಾಗ ಪಕ್ಕದಲ್ಲಿದ್ದವನು, "ಯಾರ್ರೀ ಅವರು?" ಅಂತ ನನ್ನನ್ನೇ ಕೇಳಿದ. ನನಗೇನು ಗೊತ್ತು ಅಂದೆ. ನಾನೂ ಕಾಯುತ್ತಿದ್ದೆ, ಇನ್ನೊಂದು ಹೆಸರು ಬರಲಿ ಅಂತ. ಬರಲಿಲ್ಲ. ಎರಡನೆಯ ಸಲವೂ ನೀನು ಅದೇ ತಪ್ಪು ಮಾಡಿದೆ. ನಾನು ಜಾಗ ಬಿಟ್ಟದ್ದು ಇಬ್ಬರಿಗೆ.

ನವಿಲು ಇರಲಿ. ಅದರ ಕಾಲು ತಪ್ಪಾಗಿದೆ, ಎರಡೇ ಬೆರಳು ಹಾಕಿದ್ದೀ. ಕಾಲಿನ ಕೆಳಗೆ ಅಂಚಿನವರೆಗೆ ಅರ್ಧ ಅಡಿ ಬಟ್ಟೆ ಖಾಲಿ ಉಳಿದಿದೆ, ಕಣ್ಣಿನಲ್ಲೇ ಅಳೆದು ಬಂದಿದ್ದೇನೆ. ದೊಡ್ಡಬಸಪ್ಪನಿಗೆ ಫೋನಿನಲ್ಲಿ ಕೇಳಿದೆ, ಬರೆಯಿರಿ ಅಂದ. ರೋಜಾದ ಉಪವಾಸ ಮುಗಿಯಲಿ, ಹಬ್ಬದ ಮರು ವಾರ ಬರುತ್ತೇನೆ. ನನ್ನ ಕೈ ನಡುಗುತ್ತದೆ, ಹಸೀನಾ ನಿನಗೆ ಬರೆದಿದ್ದಾಳೆ ಅಂತ ನನಗೆ ಗೊತ್ತು. ಅಕ್ಷರ ನೀನೇ ಬರಿ.

ಎರಡೂ ಹೆಸರು ಒಂದೇ ಅಳತೆಯಲ್ಲಿರಬೇಕು. ಅಡಿಪಟ್ಟಿ ನಾನು ತರುತ್ತೇನೆ.

ಇಲಿಯಾಸ